ಬೋರಲು ಹಾಕಿದ ಹಂಡೆ

ನಮ್ಮತ್ತೆ ಊರಿಗೆ ಹೊರಟರೆಂದರೆ ಬೀಗ ಹಾಕುವ ಮುಂಚೆ ಒಂದು ಮಾತು ಕೇಳಿಯೇ ಕೇಳುತ್ತಿದ್ದರು: "ಹಂಡೆ ಬೋರಲಾಕಿದ್ಯೇನಮ್ಮಾ?" ಬಚ್ಚಲ ಹಂಡೆ, ಕೊಡ, ಬಿಂದಿಗೆ ಎಲ್ಲವೂ ಖಾಲಿಯಾಗಿ, ಹುಣಿಸೆಹಣ್ಣಿನಲ್ಲಿ ಉಜ್ಜಿಸಿಕೊಂಡು, ಬಾಯಿ ಕೆಳಗಾಗಿ ಕೂರಬೇಕು. ಅಷ್ಟಾಗದೆ ಅವರು ಹೊಸಿಲು ದಾಟುತ್ತಿರಲಿಲ್ಲ.

ನಮ್ಮ ಬೇಗೂರು ಬಹಳ ಹಳೆಯ ಊರು. ಇಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 890ರ ಸುಮಾರಿನ ವೀರಗಲ್ಲಿದೆ. ಅದರಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತದೆ. ಬೆಂಗಳೂರೆಂಬ ಹೆಸರು ಸಿಕ್ಕಿರುವ ಅತಿ ಹಳೆಯ ಬರಹ ಅದು. ಇಷ್ಟು ಹಳೆಯ ಊರಿನ ಹೆಂಗಸರು ಎಷ್ಟು ತಲೆಮಾರು ನೀರು ಸೇದಿದರೋ, ಅದನ್ನು ಯಾವ ಕಲ್ಲೂ ಹೇಳುವುದಿಲ್ಲ. ಸೇದುವ ಕೈಗೆ ನೀರಿನ ಭಾರ ಗೊತ್ತು. ಆದ್ದರಿಂದ ಅಂದಿನ ನೀರು ಅಂದಿಗೆ.

ಪಕ್ಕದ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂತು. ನಮ್ಮ ಬೀದಿಗೆ ಬಂದದ್ದು ಟ್ಯಾಂಕರು. ಟ್ಯಾಂಕರಿನ ಹಿಂದೆಯೇ ನೆಲದಡಿಯ ಸಂಪು. ಅದನ್ನು ಬೋರಲು ಹಾಕುವವರು ಯಾರು?

2013ರ ಏಪ್ರಿಲ್‌ನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನೆಸೋಟಾಕ್ಕೆ ಹೊರಟೆ. ಆ ವಾರವಷ್ಟೇ ದುಡ್ಡು ಕೊಟ್ಟು ಸಂಪು ತುಂಬಿಸಿದ್ದೆವು. ಚೆಲ್ಲಲು ಮನಸ್ಸು ಬರಲಿಲ್ಲ.

ಅಳಿಯನ ಹತ್ತಿರ ಅಡುಗೆಮನೆ, ಬಚ್ಚಲು ಎರಡೂ ಇದ್ದ ಮನೆಯಂಥ ಗಾಡಿಯಿತ್ತು. ಅಕ್ಟೋಬರ್‌ನಲ್ಲಿ, ಚಳಿ ಬಲಿಯುವ ಮುಂಚೆ, ಅವನು ಅದರ ಮೂರು ತೊಟ್ಟಿಗಳನ್ನೂ ಬರಿದು ಮಾಡಿದ: ಕುಡಿಯುವ ನೀರಿನದು, ಪಾತ್ರೆ ತೊಳೆದ ನೀರಿನದು, ಕಕ್ಕಸಿನದು. ಕೊಳಾಯಿಗಳನ್ನೆಲ್ಲ ತೆರೆದು, ಪೈಪುಗಳ ತಿರುವಿನಲ್ಲಿ ಉಳಿಯುವ ನೀರಿಗೆಂದು ಗುಲಾಬಿ ಬಣ್ಣದ ಒಂದು ದ್ರವವನ್ನೂ ಹರಿಸಿದ. "ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತೆ ಅತ್ತೆ, ಪೈಪು ಸೀಳಿಹೋಗುತ್ತೆ" ಎಂದ. ನನಗೆ ನಗು ಬಂತು. ನಮ್ಮತ್ತೆಯ ಹಂಡೆ ನೆನಪಾಯಿತು. ನನ್ನ ಸಂಪು ಮಾತ್ರ ನೆನಪಾಗಲಿಲ್ಲ.

ತಿಂಗಳ ಕೊನೆಗೆ ವಾಪಸು ಬಂದರೆ ಸಂಪಿನ ಮುಚ್ಚಳದ ಮೂಲೆ ಒಡೆದಿತ್ತು. ಪಕ್ಕದ ಮನೆಯ ಹುಡುಗಿ ಡೆಂಗಿಯಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಔಷಧಿ ಹೊಡೆಯಲು ಬಂದಿದ್ದಾತ ಟಾರ್ಚು ಬಿಟ್ಟು ತೋರಿಸಿದ. ನೀರಿನ ತುಂಬ ಹುಳು ಕುಣಿಯುತ್ತಿದ್ದವು. ಕಾಯಿಲೆ ನಮ್ಮ ಸಂಪಿನಿಂದಲೇ ಬಂತೆಂದು ಯಾರೂ ಅನ್ನಲಿಲ್ಲ. ಹುಡುಗಿಯ ತಾಯಿ ಎಂದಿನಂತೆ ಕಾಫಿ ಕೊಟ್ಟಳು. ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಆತ ಹೇಳಿ ತಿಳಿದದ್ದು ಇನ್ನೊಂದು. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕೆ ತುಸು ಮೇಲೆ, ಗೋಡೆಗೆ ಅಂಟಿಸುತ್ತದಂತೆ. ಒಣಗಿದರೂ ಅದು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಮುಟ್ಟಿದರೆ ಒಡೆಯುತ್ತದೆ. ಬರಿದು ಮಾಡಿದರೆ ಸಾಲದು, ಗೋಡೆ ಉಜ್ಜಬೇಕು. ಅತ್ತೆಯ ಹುಣಿಸೆಹಣ್ಣು ಬರೀ ಹೊಳಪಿಗೆ ಎಂದುಕೊಂಡಿದ್ದೆನಲ್ಲ!

ಈಗ ಹೆಚ್ಚು ದಿನ ಊರು ಬಿಡುವುದಿದ್ದರೆ ವಾರದ ಮುಂಚೆಯೇ ನೀರು ತರಿಸುವುದನ್ನು ನಿಲ್ಲಿಸುತ್ತೇನೆ. ಉಳಿದದ್ದು ಪಕ್ಕದವರ ಬಕೆಟ್ಟಿಗೆ, ಗಿಡಕ್ಕೆ. ಆಮೇಲೆ ಏಣಿ ಇಳಿಸಿ, ಗೋಡೆ ಉಜ್ಜಿಸಿ, ಒಣಗಿಸಿ, ಮುಚ್ಚಳದಡಿ ಸೊಳ್ಳೆ ಬಲೆ ಬಿಗಿಯುತ್ತೇವೆ. ಮೊದಲ ಸಲ ಮೇಲೆ ನಿಂತು ಟಾರ್ಚು ಹಿಡಿದವಳು ಆ ಹುಡುಗಿಯೇ. "ಆಂಟೀ, ಆ ಮೂಲೆ ಉಳೀತು" ಎಂದು ಕೂಗಿ ಮತ್ತೆ ಉಜ್ಜಿಸಿದಳು.