ಮನೆ ಕೊಂಡರಷ್ಟೇ ಸಾಲದು, ಅಲ್ಲಿ ಇರಲೂಬೇಕು!

ಸಿಡ್ನಿಯಲ್ಲಿ ಮನೆ ಕೊಳ್ಳಲು ಹೊರಟಿರುವ ಗೆಳೆಯ ಮೊನ್ನೆ ಫೋನಿನಲ್ಲಿ, "ಸರ್ಕಾರ ಹತ್ತು ಸಾವಿರ ಡಾಲರ್ ಕೊಡತ್ತೆ ಕಣೋ, ಆದ್ರೆ ಒಂದು ವರ್ಷ ಆ ಮನೇಲೇ ಇರ್ಬೇಕಂತೆ" ಅಂದ. ಸ್ವಂತ ಮನೇಲಿ ಇರೋಕೂ ಕಾನೂನಾ ಅಂತ ನಗು ಬಂತು. ಆಮೇಲೆ ಕುತೂಹಲಕ್ಕೆ ಇದರ ಹಿನ್ನೆಲೆ ಹುಡುಕುತ್ತಾ ಹೋದೆ.

ಆಸ್ಟ್ರೇಲಿಯಾದಲ್ಲಿ ಶೇ. 10ರ ಜಿಎಸ್‌ಟಿ ಬಂದದ್ದು 2000ದ ಜುಲೈ 1ರಂದು. ಮನೆಗಳ ಬೆಲೆ ಏರುತ್ತದೆ ಎಂದು ಜಾನ್ ಹೋವರ್ಡ್ ಸರ್ಕಾರ ಅದೇ ದಿನದಿಂದ, ಮೊದಲ ಮನೆ ಕೊಳ್ಳುವವರಿಗೆ 7,000 ಡಾಲರ್ ಸಹಾಯಧನ ಘೋಷಿಸಿತು. ಹಂಚುವ ಕೆಲಸ ರಾಜ್ಯಗಳದ್ದು. ವಿಚಿತ್ರ ನೋಡಿ, ಜಿಎಸ್‌ಟಿ ಬಿದ್ದದ್ದು ಹೊಸ ಮನೆಗೆ, ಸಹಾಯಧನ ಮಾತ್ರ ಹಳೆ ಮನೆಗೂ ಸಿಕ್ಕಿತು! ಶುರುವಿನಲ್ಲಿ ಕೊಳ್ಳುವವರ ಆದಾಯಕ್ಕೂ ಮಿತಿಯಿಲ್ಲ, ಮನೆಯ ಬೆಲೆಗೂ ಮಿತಿಯಿಲ್ಲ. ಹಾಗಾದರೆ ಬಾಡಿಗೆ ದುಡ್ಡಿಗಾಗಿ ಮನೆ ಕೊಳ್ಳುವವರನ್ನು ಹೊರಗಿಡುವುದು ಹೇಗೆ? ಅದಕ್ಕಿದ್ದ ಜರಡಿ ಒಂದೇ, ವಾಸ. ಒಂದು ವರ್ಷದೊಳಗೆ ಆ ಮನೆಗೆ ಹೋಗಿ, ಅದನ್ನೇ ತಮ್ಮ ಮುಖ್ಯ ಮನೆ ಮಾಡಿಕೊಳ್ಳಬೇಕು.

ಎಷ್ಟು ದಿನ ಇರಬೇಕು? ನ್ಯೂ ಸೌತ್ ವೇಲ್ಸ್‌ನ 2000ದ ಕಾನೂನು ಅದನ್ನು ಹೇಳಿರಲಿಲ್ಲ. ಜಗಳ ಹುಟ್ಟಿದ್ದೇ ಅಲ್ಲಿ. ನಾಲ್ಕು ವಾರ ಮಲಗೆದ್ದು ಬಾಡಿಗೆಗೆ ಕೊಟ್ಟರೆ ಅದು ವಾಸವೇ? ಹಾಸಿಗೆ ಇಲ್ಲಿ, ಊಟ ಅಪ್ಪ-ಅಮ್ಮನ ಮನೆಯಲ್ಲಿ ಆದರೆ? ಇಂಥ ವಿವಾದಗಳು ನ್ಯಾಯಮಂಡಳಿಗೆ ಹೋದಾಗ ಸಾಕ್ಷಿ ಹೇಳುವುದು ಕರೆಂಟ್ ಬಿಲ್ಲು, ಲೈಸೆನ್ಸಿನ ವಿಳಾಸ, ಮತದಾರರ ಪಟ್ಟಿ. ಬಿಲ್ಲಿನಲ್ಲಿ ಯೂನಿಟ್ ತೀರಾ ಕಡಿಮೆಯಿದ್ದರೆ ಅನುಮಾನ ಶುರು. ಸೋತರೆ ಹಣ ವಾಪಸ್, ಮೇಲೆ ದಂಡವೂ ಬೀಳಬಹುದು.

2004ರಿಂದ ಅಲ್ಲಿ ಸತತ ಆರು ತಿಂಗಳು ಇರಲೇಬೇಕೆಂದಾಯಿತು. 2023ರ ಜುಲೈನಿಂದ ಅದು 12 ತಿಂಗಳಾಗಿದೆ. ಈಗ ಲೆಕ್ಕ ಸುಲಭ, ಒಪ್ಪುತ್ತೇನೆ. ಆದರೆ ಮೂರನೇ ತಿಂಗಳಲ್ಲಿ ಕೆಲಸ ಹೋದವನು, ಗಂಡನಿಂದ ಬೇರೆಯಾಗಿ ಮನೆ ಬಿಟ್ಟವಳು, ಇವರೂ ಆ ಲೆಕ್ಕದಲ್ಲಿ ಸುಳ್ಳುಗಾರರ ಸಾಲಿನಲ್ಲೇ ನಿಲ್ಲುತ್ತಾರೆ. ಸರಿಯಾದ ಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರ ಕಮಿಷನರ್‌ಗೆ ಇದೆ. ಆ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಅದೊಂದೇ ಸಾಲು. ಪ್ರಾಜೆಕ್ಟ್ ಮುಗಿದರೆ ಊರೇ ಬದಲಾಗುವ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಅದರ ಬೆಲೆ ಚೆನ್ನಾಗಿ ಗೊತ್ತು :-)

ದಿನ ಎಣಿಸುವುದು ಮೀಟರಿಗೂ ಬರುತ್ತದೆ. ಬಂದವನು ನಿಲ್ಲಲೆಂದೇ ಬಂದಿದ್ದನಾ ಅಂತ ತಿಳಿಯಲು ಮಾತ್ರ ಮನುಷ್ಯನೇ ಬೇಕು. ನೀವೇನಂತೀರಿ?