ಲಿಂಕನ್ನನೂ ದಾಸ್ಯವಿಮೋಚನೆಯೂ

1862ನೆಯ ಇಸವಿಯ ಜುಲೈ 22ರಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನು ತನ್ನ ಮಂತ್ರಿಗಳನ್ನು ಕರೆಯಿಸಿ ಒಂದು ಲೇಖನವನ್ನು ಓದಿ ಹೇಳಿದನು. ದಂಗೆಯೆದ್ದ ಸಂಸ್ಥಾನಗಳಲ್ಲಿರುವ ಗುಲಾಮರೆಲ್ಲರೂ ಮುಂದಿನ ಜನವರಿ 1ರಿಂದ ಸ್ವತಂತ್ರರೆಂಬುದೇ ಅದರ ಸಾರ. ಇದನ್ನು ಹೊರಡಿಸಬೇಕೆ ಬೇಡವೆ ಎಂದು ಅವನು ಮಂತ್ರಿಗಳನ್ನು ಕೇಳಲಿಲ್ಲ. ಅದನ್ನು ತಾನೇ ನಿಶ್ಚಯಿಸಿಕೊಂಡಿದ್ದನು. ವಿದೇಶಾಂಗ ಮಂತ್ರಿಯಾದ ಸೀವರ್ಡನು ಮಾತ್ರ ಕಾಲದ ವಿಷಯವಾಗಿ ಒಂದು ಮಾತನ್ನೆತ್ತಿದನು: ಸೋಲಿನ ಮೇಲೆ ಸೋಲು ಬರುತ್ತಿರುವಾಗ ಇಂಥ ಘೋಷಣೆ ಹೊರಟರೆ, ಗತಿಗೆಟ್ಟ ಸರಕಾರವು ಗುಲಾಮರಲ್ಲಿ ಮೊರೆಯಿಡುತ್ತಿದೆಯೆಂದು ಲೋಕವು ಭಾವಿಸೀತು, ಒಂದು ಜಯ ದೊರೆಯುವವರೆಗೆ ತಡೆಯುವುದು ಲೇಸು. ಲಿಂಕನ್ನನಿಗೂ ಅದು ಸರಿದೋರಿತು. ಲೇಖನವನ್ನು ಬದಿಗಿರಿಸಿದನು. ಎರಡು ತಿಂಗಳ ಕಾಲ ಹೊರಗಿನ ಜನರಿಗೆ ಅದರ ಸುದ್ದಿಯಿಲ್ಲ.

1860ರ ಜನಗಣತಿಯಂತೆ ಆ ದೇಶದ ಜನಸಂಖ್ಯೆ ಸುಮಾರು 3 ಕೋಟಿ 14 ಲಕ್ಷ. ಅವರಲ್ಲಿ 40 ಲಕ್ಷಕ್ಕೆ ತುಸು ಕಡಿಮೆ ಜನ ಗುಲಾಮರು. ದಕ್ಷಿಣ ಕೆರೊಲಿನ, ಮಿಸಿಸಿಪಿಗಳಲ್ಲಿಯಂತೂ ಸ್ವತಂತ್ರರಿಗಿಂತ ಗುಲಾಮರೇ ಹೆಚ್ಚು. ಲಿಂಕನ್ನನ ಪಕ್ಷವು ದಾಸ್ಯವನ್ನು ಇದ್ದಲ್ಲಿಯೇ ಅಳಿಸುವೆನೆಂದು ಹೇಳಿರಲಿಲ್ಲ. ಪಶ್ಚಿಮದ ಹೊಸ ಪ್ರಾಂತಗಳಿಗೆ ಅದು ಹಬ್ಬಕೂಡದೆಂದು ಮಾತ್ರ ಹೇಳಿತ್ತು. ದಕ್ಷಿಣದವರಿಗೆ ಅಷ್ಟೇ ಸಾಕಾಯಿತು. ನಾಲ್ವರು ಅಭ್ಯರ್ಥಿಗಳ ನಡುವೆ ನೂರಕ್ಕೆ ಸುಮಾರು 40 ಮತಗಳನ್ನು ಪಡೆದು ಅವನು ಆರಿಸಿ ಬಂದದ್ದು 1860ರ ನವೆಂಬರಿನಲ್ಲಿ. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನವು ಒಕ್ಕೂಟವನ್ನು ಬಿಟ್ಟಿತು. 1861ರ ಮಾರ್ಚಿ 4ರಂದು ಅವನು ಅಧಿಕಾರವನ್ನು ವಹಿಸುವಷ್ಟರಲ್ಲಿ ಏಳು ಸಂಸ್ಥಾನಗಳು ಬೇರೆಯಾಗಿದ್ದವು. ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡಿನ ಮಳೆ ಸುರಿದ ಬಳಿಕ ಮತ್ತೆ ನಾಲ್ಕು ಹೋದವು. ಈ ಕಲಹವು ಸಂಸ್ಥಾನಗಳ ಹಕ್ಕುಬಾಧ್ಯತೆಗಳಿಗಾಗಿ ಹುಟ್ಟಿತೆಂದು ಆಮೇಲೆ ವಾದಿಸಿದವರು ಬಹಳ. ಆದರೆ ಬೇರೆಯಾಗುವಾಗ ಮಿಸಿಸಿಪಿಯವರು ಹೊರಡಿಸಿದ ಪತ್ರವನ್ನು ನೋಡಿದರೆ ಸಂದೇಹಕ್ಕೆಡೆಯಿಲ್ಲ. ದಾಸ್ಯವೇ ಕಾರಣವೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರ ಉಪಾಧ್ಯಕ್ಷನಾದ ಸ್ಟೀಫನ್ಸನು ತಮ್ಮ ಹೊಸ ರಾಜ್ಯದ ಮೂಲಗಲ್ಲೇ ಅದೆಂದು ಸವಾನ್ನದ ಸಭೆಯಲ್ಲಿ ಸಾರಿದನು.

ಹಾಗಿರಲು ಲಿಂಕನ್ನನು ಮೊದಲ ದಿನವೇ ದಾಸ್ಯವನ್ನು ಏಕೆ ಹೊಡೆಯಲಿಲ್ಲ? ಕೆಂಟಕಿ, ಮಿಸೂರಿ, ಮೇರಿಲೆಂಡ್, ಡೆಲವೇರ್ ಎಂಬ ನಾಲ್ಕು ಗಡಿಸಂಸ್ಥಾನಗಳಲ್ಲಿ ನಾಲ್ಕು ಲಕ್ಷಕ್ಕೆ ಮೇಲ್ಪಟ್ಟು ಗುಲಾಮರಿದ್ದರು. ಆದರೂ ಅವು ಒಕ್ಕೂಟವನ್ನು ಬಿಟ್ಟಿರಲಿಲ್ಲ. ಮೇರಿಲೆಂಡು ಕೈಬಿಟ್ಟರೆ ರಾಜಧಾನಿಯೇ ಶತ್ರುಗಳ ನಡುವೆ ಸಿಕ್ಕುವುದು. ಕೆಂಟಕಿ ಹೋದರೆ ಒಹಾಯೊ ನದಿಯ ದಂಡೆಯೇ ಗಡಿಯಾಗುವುದು. ಆದುದರಿಂದ 1861ರ ಆಗಸ್ಟಿನಲ್ಲಿ ಸೇನಾನಿ ಫ್ರೆಮೊಂಟನು ಮಿಸೂರಿಯಲ್ಲಿ ದಂಗೆಕೋರರ ಗುಲಾಮರನ್ನು ಬಿಡುಗಡೆ ಮಾಡಿರುವೆನೆಂದು ಸಾರಿದಾಗ ಲಿಂಕನ್ನನು ಆ ಆಜ್ಞೆಯನ್ನು ತಿದ್ದಿ ಹಿಂತೆಗೆಯಿಸಿದನು. ಮರುವರ್ಷ ಮೇ ತಿಂಗಳಿನಲ್ಲಿ ಹಂಟರನು ದಕ್ಷಿಣದ ಕರಾವಳಿಯಲ್ಲಿ ಹಾಗೆಯೇ ಮಾಡಲು ಅದನ್ನೂ ರದ್ದುಪಡಿಸಿದನು. ದಾಸ್ಯವಿರೋಧಿಗಳು ಅವನನ್ನು ಹೇಡಿಯೆಂದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಮಾಡುವವನಿಗೆ ಕೆಂಟಕಿಯನ್ನು ಕಾಯುವ ಹೊಣೆಯಿರಲಿಲ್ಲ.

ಇಷ್ಟರಲ್ಲಿ ಕಾಲದ ಗತಿಯನ್ನು ಬದಲಾಯಿಸಿದವರು ಗುಲಾಮರೇ. 1861ರ ಮೇ 23ರ ರಾತ್ರಿ ವರ್ಜೀನಿಯದ ಮೂವರು ಗುಲಾಮರು ಒಂದು ದೋಣಿಯಲ್ಲಿ ದಾಟಿ ಬಂದು ಒಕ್ಕೂಟದ ವಶದಲ್ಲಿದ್ದ ಮನ್ರೊ ಕೋಟೆಯನ್ನು ಹೊಕ್ಕರು. ದಂಗೆಕೋರರು ಅವರಿಂದ ಫಿರಂಗಿಗಳಿಗೆ ಮಣ್ಣಿನ ದಿಬ್ಬವನ್ನು ಕಟ್ಟಿಸುತ್ತಿದ್ದರು. ಮರುದಿನ ಒಡೆಯನ ಕಡೆಯ ಅಧಿಕಾರಿಯೊಬ್ಬನು ಬಂದು, ಓಡಿಹೋದ ಗುಲಾಮರನ್ನು ಹಿಂದಿರುಗಿಸಬೇಕೆಂಬ ಕಾನೂನನ್ನು ಮುಂದೊಡ್ಡಿ ಅವರನ್ನು ಕೇಳಿದನು. ಕೋಟೆಯ ಅಧಿಪತಿ ಬಟ್ಲರನು ಮೊದಲು ವಕೀಲನಾಗಿದ್ದವನು. ವರ್ಜೀನಿಯವು ತಾನು ಪರರಾಜ್ಯವೆಂದು ಹೇಳಿಕೊಂಡ ಮೇಲೆ ಪರರಾಜ್ಯಕ್ಕೆ ಆ ಕಾನೂನಿನ ಅನುಕೂಲವೆಲ್ಲಿಯದು? ಗುಲಾಮರು ಸ್ವತ್ತೆಂಬುದು ನಿಮ್ಮದೇ ವಾದ. ಯುದ್ಧಕ್ಕೆ ಬಳಸುವ ಶತ್ರುವಿನ ಸ್ವತ್ತನ್ನು ಜಪ್ತಿ ಮಾಡುವುದು ಯುದ್ಧಧರ್ಮ ಎಂದು ಉತ್ತರಕೊಟ್ಟು ಕಳುಹಿದನು. ಮನುಷ್ಯನನ್ನು ಜಪ್ತಿಯ ಮಾಲೆಂದು ಕರೆದು ಕಾಪಾಡಬೇಕಾಗಿ ಬಂದುದು ವಿಚಿತ್ರವೇ ಸರಿ. ಆದರೆ ಸುದ್ದಿ ಹಬ್ಬಿತು, ಕೆಲವೇ ತಿಂಗಳುಗಳಲ್ಲಿ ನೂರಾರು ಜನ ಹೆಂಡಿರು ಮಕ್ಕಳೊಡನೆ ಆ ಕೋಟೆಗೆ ನಡೆದು ಬಂದರು. 1619ರಲ್ಲಿ ವರ್ಜೀನಿಯಕ್ಕೆ ಆಫ್ರಿಕದ ಬಂದಿಗಳನ್ನು ಮೊದಲು ತಂದಿಳಿಸಿದ್ದು ಅದೇ ಭೂಶಿರದಲ್ಲಿ.

ಲಿಂಕನ್ನನು ಗಡಿಸಂಸ್ಥಾನದವರಿಗೆ ಪರಿಹಾರದ್ರವ್ಯವನ್ನು ಕೊಟ್ಟು ಮೆಲ್ಲಮೆಲ್ಲನೆ ದಾಸ್ಯವನ್ನು ನೀಗಿಸಲೆಳಸಿದನು. 1862ರ ಜುಲೈ 12ರಂದು ಅವರ ಪ್ರತಿನಿಧಿಗಳನ್ನು ಕರೆಯಿಸಿ ಬೇಡಿಕೊಂಡನು. ಹೆಚ್ಚಿನವರು ಒಪ್ಪಲಿಲ್ಲ. ಹತ್ತು ದಿನಗಳ ಬಳಿಕ ಮಂತ್ರಿಗಳ ಮುಂದೆ ಓದಿದ ಲೇಖನವು ಆ ನಿರಾಶೆಯ ಫಲವೆನ್ನಬಹುದು. ಆದರೆ ಅದೇ ಆಗಸ್ಟಿನಲ್ಲಿ ಅವನು ಕಪ್ಪು ಜನರ ಮುಖಂಡರನ್ನು ಬರಮಾಡಿಕೊಂಡು, ನಿಮ್ಮವರು ಬೇರೆ ದೇಶಕ್ಕೆ ಹೋಗಿ ನೆಲಸುವುದು ಒಳ್ಳೆಯದೆಂದು ಉಪದೇಶಿಸಿದನು. ಹುಟ್ಟಿ ಬೆಳೆದ ನೆಲವನ್ನು ಬಿಟ್ಟುಹೋಗೆಂಬ ಈ ಮಾತು ಅವರಿಗೆ ಎಷ್ಟು ನೋವನ್ನುಂಟುಮಾಡಿತೆಂಬುದನ್ನು ಅವನ ಭಕ್ತರು ಸಾಮಾನ್ಯವಾಗಿ ಮರೆತುಬಿಡುತ್ತಾರೆ.

ಬೇಕಾಗಿದ್ದ ಜಯವು ಸೆಪ್ಟೆಂಬರ್ 17ರಂದು ಆಂಟೀಟಮ್ ಹಳ್ಳದ ದಡದಲ್ಲಿ ದೊರೆಯಿತು. ಅದನ್ನು ಜಯವೆನ್ನುವುದೂ ಕಷ್ಟ. ಒಂದೇ ದಿನದಲ್ಲಿ ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000. ಹೇಗಾದರೂ ದಕ್ಷಿಣದ ಸೇನಾಪತಿ ಲೀ ಹಿಮ್ಮೆಟ್ಟಿದನು. ಐದು ದಿನಗಳ ಮೇಲೆ ಎಚ್ಚರಿಕೆಯ ಘೋಷಣೆ ಹೊರಟಿತು; 1863ರ ಜನವರಿ 1ರಂದು ಕೊನೆಯ ಘೋಷಣೆ. ಆ ದಿನ ಹೊಸ ವರ್ಷದ ಭೇಟಿಗೆ ಬಂದವರ ಕೈಕುಲುಕಿ ಕುಲುಕಿ ಲಿಂಕನ್ನನ ಬಲಗೈ ನಡುಗುತ್ತಿತ್ತು. ಅಕ್ಷರ ಅಂಕುಡೊಂಕಾದರೆ ಮನಸ್ಸು ಹಿಂಜರಿಯಿತೆಂದು ಮುಂದಿನವರು ಆಡಿಕೊಂಡಾರೆಂದು ತಡೆದು, ನಿಧಾನವಾಗಿ ರುಜು ಹಾಕಿದನು. ಗಡಿಸಂಸ್ಥಾನಗಳಿಗೂ ಟೆನೆಸಿಗೂ ಆ ಘೋಷಣೆ ತಗಲಲಿಲ್ಲವೆಂಬುದು ನಿಜ. ಆದರೆ ಅದರ ಬಲದಿಂದ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಕಪ್ಪು ಜನರು ಒಕ್ಕೂಟದ ದಂಡಿನಲ್ಲಿ ಕಾದಿದರು.

ಹತ್ತಿಯಿಲ್ಲದೆ ಇಂಗ್ಲೆಂಡು ಬಾಳದು, ಆದುದರಿಂದ ತಮ್ಮ ಪಕ್ಷವನ್ನು ಹಿಡಿದೇ ತೀರುವುದೆಂದು ದಕ್ಷಿಣದವರು ನಂಬಿದ್ದರು. ಲ್ಯಾಂಕಷೈರಿನ ಗಿರಣಿಗಳು ನಿಂತವು. ಆದರೂ ಮ್ಯಾಂಚೆಸ್ಟರಿನ ಕೂಲಿಗಾರರು 1862ರ ಕೊನೆಯಲ್ಲಿ ಸಭೆ ಸೇರಿ ಲಿಂಕನ್ನನಿಗೆ ಬೆಂಬಲದ ಪತ್ರವನ್ನು ಬರೆದರು. ಗಿರಣಿಗಳ ಒಡೆಯರು ಹತ್ತಿಗಾಗಿ ಹಿಂದೂದೇಶದ ಕಡೆಗೆ ತಿರುಗಿದರು. ಧಾರವಾಡದ ಸೀಮೆಯ ಎರೆಹೊಲಗಳಲ್ಲಿ ಇಪ್ಪತ್ತು ವರ್ಷಗಳಿಂದ ಬೇರೂರಿದ್ದ ಅಮೆರಿಕದ ಜಾತಿಯ ಹತ್ತಿಗೆ ಆಗ ಕಂಡು ಕೇಳರಿಯದ ಬೆಲೆ ಬಂತು; 1865ರಲ್ಲಿ ಯುದ್ಧ ನಿಂತೊಡನೆ ಬೆಲೆ ಕುಸಿಯಿತು.

1864ರ ಆಗಸ್ಟ್ 23ರಂದು, ಬರುವ ಚುನಾವಣೆಯಲ್ಲಿ ತಾನು ಸೋಲುವುದು ಬಹುಮಟ್ಟಿಗೆ ನಿಶ್ಚಯವೆಂದು ಲಿಂಕನ್ನನು ಒಂದು ಕಾಗದದಲ್ಲಿ ಬರೆದು ಮಡಿಸಿ, ಮಂತ್ರಿಗಳಿಗೆ ಓದಗೊಡದೆ ಅದರ ಬೆನ್ನಮೇಲೆ ಅವರ ರುಜುಗಳನ್ನು ಹಾಕಿಸಿದನು. ಘೋಷಣೆಯನ್ನು ಕೈಬಿಟ್ಟು ಸಂಧಿ ಮಾಡಿಕೊಳ್ಳೆಂದು ಒತ್ತಾಯಿಸಿದವರಿದ್ದರು. ಅವನು ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಅಟ್ಲಾಂಟ ಬಿತ್ತು. ನವೆಂಬರಿನಲ್ಲಿ ಅವನೇ ಗೆದ್ದನು. ದಾಸ್ಯವನ್ನು ದೇಶದಲ್ಲೆಲ್ಲ ಅಳಿಸುವ ಹದಿಮೂರನೆಯ ತಿದ್ದುಪಡಿಯು 1865ರ ಜನವರಿ 31ರಂದು ಪ್ರತಿನಿಧಿಸಭೆಯಲ್ಲಿ 119ಕ್ಕೆ 56 ಮತಗಳಿಂದ ಅಂಗೀಕೃತವಾಯಿತು. ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಗುಂಡೇಟು ತಿಂದು ಮರುದಿನ ಬೆಳಗ್ಗೆ ಅವನು ತೀರಿಕೊಂಡನು. ತಿದ್ದುಪಡಿಗೆ ಬೇಕಾದಷ್ಟು ಸಂಸ್ಥಾನಗಳ ಒಪ್ಪಿಗೆ ದೊರೆತು ಅದು ಶಾಸನವಾದದ್ದು ಆ ವರ್ಷದ ಡಿಸೆಂಬರಿನಲ್ಲಿ. ಅವನು ಹುಟ್ಟಿದ ಸಂಸ್ಥಾನ, ಯಾವುದನ್ನು ಉಳಿಸಿಕೊಳ್ಳಲು ಅವನು ಅಷ್ಟು ಕಾಲ ಕಾದಿದ್ದನೋ ಆ ಕೆಂಟಕಿ, ಅದನ್ನು ತಿರಸ್ಕರಿಸಿತ್ತು. ಅಲ್ಲಿಯ ಶಾಸನಸಭೆಯು ತನ್ನ ಒಪ್ಪಿಗೆಯನ್ನು ಕೊಟ್ಟದ್ದು 1976ರಲ್ಲಿ.