ಬಡೇಸೋಪಿನ ತಟ್ಟೆಯ ಚಿಲ್ಲರೆ

ಮೊನ್ನೆ ಹೋಟೆಲೊಂದರಲ್ಲಿ ದೋಸೆ ಬರಲು ಇಪ್ಪತ್ತು ನಿಮಿಷ ಆಯಿತು. "ಇವನಿಗೆ ಟಿಪ್ಸ್ ಬೇರೆ ಕೇಡು!" ಎನ್ನುತ್ತ ನನ್ನ ಗೆಳೆಯ ಬಡೇಸೋಪಿನ ತಟ್ಟೆಯಲ್ಲಿದ್ದ ಚಿಲ್ಲರೆಯನ್ನೆಲ್ಲ ಬಳಿದು ಜೇಬಿಗಿಳಿಸಿದ. ನನಗೆ ಹಳೆಯದೆಲ್ಲ ನೆನಪಾಯಿತು.

ಮುಂಬಯಿಯ ಉಡುಪಿ ಹೋಟೆಲುಗಳ ಚರಿತ್ರೆ ಸಾಮಾನ್ಯವಾಗಿ ಮಾಲೀಕರಿಂದ ಶುರುವಾಗುತ್ತದೆ. ತಪ್ಪೇನಿಲ್ಲ. ಎ. ರಾಮ ನಾಯಕರು ಅಡುಗೆಮನೆಯ ದುಡಿಮೆಯಿಂದಲೇ ಮೇಲೆ ಬಂದು 1942ರಲ್ಲಿ ಮಾಟುಂಗಾ ಸ್ಟೇಶನ್ನಿನ ಬಳಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಆದರೆ ಅಂಥ ಒಬ್ಬೊಬ್ಬರ ಹಿಂದೆ ಹೆಸರು ದಾಖಲಾಗದ ನೂರಾರು ಹುಡುಗರಿದ್ದರು. ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ, ಹೋಟೆಲಿನ ಬೆಂಚುಗಳ ಮೇಲೆ ಮಲಗುತ್ತಿದ್ದವರು. ಎಪ್ಪತ್ತರ ದಶಕದಲ್ಲಿ ನಾನೂ ಅವರಲ್ಲೊಬ್ಬ.

ಗಿರಾಕಿ ಬಿಟ್ಟುಹೋದ ಚಿಲ್ಲರೆ ಸಪ್ಲೈಯರನದ್ದು. ದೋಸೆ ಹೊಯ್ಯುವ ಭಟ್ಟರಿಗಾಗಲೀ ಪಾತ್ರೆ ತೊಳೆಯುವವನಿಗಾಗಲೀ ಅದರಲ್ಲಿ ಪಾಲಿಲ್ಲ. ಕಾವಲಿ ಕಾಯದಿದ್ದರೆ ಬೈಗುಳ ಮಾತ್ರ ಸಪ್ಲೈಯರನಿಗೇ! ನಮ್ಮ ಊರಿನ ಕಡೆಯ ಸಪ್ಲೈಯರಣ್ಣ ಒಬ್ಬ ಮಾತ್ರ ರಾತ್ರಿ ನನ್ನ ಕೈಗೆ ನಾಲ್ಕಾಣೆ ತುರುಕುತ್ತಿದ್ದ. "ಬೇಡ ಅಣ್ಣಾ" ಅಂದರೆ, "ನೀನು ಟೇಬಲ್ ಒರೆಸದಿದ್ದರೆ ನನಗೆ ಯಾರು ಕೊಡ್ತಿದ್ದರು ಮಾರಾಯ?" ಅನ್ನುತ್ತಿದ್ದ. ನನ್ನ ನೋಟ್‌ಬುಕ್ಕು, ಪೆನ್ಸಿಲು ಬಂದದ್ದು ಆ ದುಡ್ಡಿನಲ್ಲಿ.

ಒಳ್ಳೆಯ ಸೇವೆಗೆ ಹೆಚ್ಚು, ಕೆಟ್ಟದ್ದಕ್ಕೆ ಕಡಿಮೆ ಅನ್ನುವುದು ಕೇಳಲು ನ್ಯಾಯವೇ. ಆದರೆ ಆ ಸೇವೆ ಒಬ್ಬನದ್ದಲ್ಲವಲ್ಲ! ಇನ್ನು, ಎಲ್ಲರಿಗೂ ಸೇರಿ ಎಂದು ಬಿಲ್ಲಿಗೇ 'ಸರ್ವಿಸ್ ಚಾರ್ಜ್' ಸೇರಿಸುವ ಪದ್ಧತಿ ಬಂತು. ಅದನ್ನು ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ಹೋಟೆಲಿನವರು ಕೋರ್ಟಿಗೆ ಹೋದರು, ತಡೆಯೂ ಸಿಕ್ಕಿತು. ಕೊನೆಗೆ 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಅದಕ್ಕೂ ಮುಂಚೆ, 2016ರಲ್ಲಿ, ಕಾರ್ಡಿನ ಮೂಲಕ ಗಿರಾಕಿ ಕೊಟ್ಟ ಟಿಪ್ಸ್ ಸಂಬಳವಲ್ಲ, ಹೋಟೆಲು ಅದರ ಮೇಲೆ ಟಿಡಿಎಸ್ ಮುರಿಯಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತ್ತು.

ನನಗೆ ಹಿಡಿಸಿದ್ದು ಆ ಮಾತು. ಸಂಬಳ ಕೊಡಬೇಕಾದವನು ಮಾಲೀಕ. ಕೆಲಸ ಸರಿಯಿಲ್ಲದಿದ್ದರೆ ವಿಚಾರಿಸಬೇಕಾದವನೂ ಅವನೇ. ಗಲ್ಲೆಯಲ್ಲಿ ಕೂತವರಿಗೆ ದೂರು ಹೇಳಿ, ಯಾರು ಬೇಡ ಅಂದರು? ನಾಲ್ಕು ಕಾಸು ಹಿಡಿದುಕೊಂಡು ಸಪ್ಲೈಯರನಿಗೆ ಮಾರ್ಕು ಹಾಕುವ ಮಾಸ್ತರಿಕೆ ನಮಗೇಕೆ?

ಈಗ ಎಲ್ಲರೂ ಮೊಬೈಲಿನಲ್ಲೇ ಬಿಲ್ಲು ಕಟ್ಟುತ್ತಾರೆ, ತಟ್ಟೆಯಲ್ಲಿ ಉಳಿಯುವುದು ಬಡೇಸೋಪು ಮಾತ್ರ. ಅದಕ್ಕೇ ನಾನು ಹೊರಡುವಾಗ ಜೇಬಿನಲ್ಲಿ ಹತ್ತರ ಎರಡು ನೋಟು ಇಟ್ಟುಕೊಳ್ಳುತ್ತೇನೆ. ಒಂದು ಸಪ್ಲೈಯರನಿಗೆ. ಇನ್ನೊಂದು, ಟೇಬಲ್ ಒರೆಸುವ ಹುಡುಗನ ಕೈಗೇ.